ಸ್ಟೇಜ್ 2 ಅಂತಲೂ ಬರೆದಿದ್ದಾರೆ, ಸ್ಲಫ್ ಇದೆ ಅಂತಲೂ ಬರೆದಿದ್ದಾರೆ: ಈಗ ಯಾವ ಕೋಡ್ ಹಾಕುವುದು?

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳ ಇನ್‌ಪೇಷೆಂಟ್ ಚಾರ್ಟ್ ಕೋಡ್ ಮಾಡಲು (ದಾಖಲೆ ಓದಿ ಪ್ರತಿ ಕಾಯಿಲೆಗೆ ಬಿಲ್‌ಗಾಗಿ ಕೋಡ್ ಹಾಕುವ ಕೆಲಸ) ಶುರು ಮಾಡಿ ಎಂಟು ತಿಂಗಳಾಯಿತು. ಒಂದು ಚಾರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವಯಸ್ಸಾದ ರೋಗಿ, ಡಯಾಬಿಟಿಸ್ ಇದೆ, ನ್ಯುಮೋನಿಯಾಕ್ಕೆ ಅಡ್ಮಿಟ್ ಆದವರು. ಮೊದಲ ದಿನದ ನರ್ಸಿಂಗ್ ನೋಟ್: "ಸೇಕ್ರಮ್ ಮೇಲೆ ಪ್ರೆಶರ್ ಅಲ್ಸರ್, ಸ್ಟೇಜ್ 2, 4 × 3 ಸೆಂ.ಮೀ., ತಳದಲ್ಲಿ ಹಳದಿ ಸ್ಲಫ್." (ಸೇಕ್ರಮ್ ಅಂದರೆ ಬೆನ್ನಿನ ಕೆಳತುದಿಯ ಮೂಳೆ, ಪ್ರೆಶರ್ ಅಲ್ಸರ್ ಅಂದರೆ ಒಂದೇ ಕಡೆ ಒತ್ತಡ ಬಿದ್ದು ಆಗುವ ಗಾಯ.) ಅವತ್ತಿನ ಡಾಕ್ಟರ್ ನೋಟ್‌ನಲ್ಲಿ ಚರ್ಮದ ಮಾತೇ ಇಲ್ಲ. 3ನೇ ದಿನ ಡಾಕ್ಟರ್ "ಸೇಕ್ರಲ್ ಡೆಕ್ಯುಬಿಟಸ್" ಅಂತ ಬರೆದಿದ್ದಾರೆ, ಅಷ್ಟೇ. 4ನೇ ದಿನ ವೂಂಡ್ ಕೇರ್ ನರ್ಸ್ "ಅನ್‌ಸ್ಟೇಜಬಲ್" (ಆಳ ಕಾಣದ್ದರಿಂದ ಸ್ಟೇಜ್ ಹೇಳಲಾಗದು) ಅಂದಿದ್ದಾರೆ. 6ನೇ ದಿನ ಸರ್ಜನ್ ಡಿಬ್ರೀಡ್‌ಮೆಂಟ್ (ಸತ್ತ ಅಂಗಾಂಶ ತೆಗೆಯುವುದು) ಮಾಡಿ "ಮೂಳೆಯವರೆಗೆ, ಸ್ಟೇಜ್ 4" ಅಂತ ಬರೆದಿದ್ದಾರೆ. ನಾನು ಸ್ಟೇಜ್ 2 ಮತ್ತು ಸ್ಟೇಜ್ 4 ಎರಡನ್ನೂ ಹಾಕಿದೆ. ಟೀಮ್ ಲೀಡ್ ಸ್ಟೇಜ್ 4 ಒಂದೇ ಸಾಕು ಅಂತಾರೆ. ಪಕ್ಕದವರು ಅನ್‌ಸ್ಟೇಜಬಲ್ ಅಂತಾರೆ. ಇದರ ಜೊತೆಗೆ 2ನೇ ದಿನ ನರ್ಸ್ ಒಬ್ಬರೇ "ಬಲ ಹಿಮ್ಮಡಿ ನೇರಳೆ ಬಣ್ಣ, ಚರ್ಮ ಒಡೆದಿಲ್ಲ, ಡಿಟಿಐ" (ಡೀಪ್ ಟಿಶ್ಯೂ ಇಂಜುರಿ, ಚರ್ಮದ ಕೆಳಗಿನ ಆಳದ ಪೆಟ್ಟು) ಅಂತ ಬರೆದಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಚಾರ್ಟನ್ನು ಇವತ್ತು ಫೈನಲ್ ಮಾಡಬೇಡಿ, ಹೋಲ್ಡ್‌ನಲ್ಲಿ ಇಡಿ. ನಿಮ್ಮ ಉತ್ತರವೂ ಸರಿ ಇರಬಹುದು, ಲೀಡ್ ಹೇಳಿದ್ದೂ ಸರಿ ಇರಬಹುದು, ಆದರೆ ಎರಡರಲ್ಲಿ ಯಾವುದು ಅಂತ ಹೇಳುವ ಹಕ್ಕು ನಿಮಗೂ ಇಲ್ಲ, ಅವರಿಗೂ ಇಲ್ಲ. ಅದು ಡಾಕ್ಟರ್ ಹೇಳಬೇಕಾದ ಮಾತು. ಪಕ್ಕದವರು ಹೇಳಿದ ಅನ್‌ಸ್ಟೇಜಬಲ್ ಮಾತ್ರ ಖಂಡಿತ ತಪ್ಪು. ಯಾಕೆ ಅಂತ ಹೇಳುತ್ತೇನೆ.

ನಾನು ಕೋಡಿಂಗ್‌ಗೆ ಬರುವ ಮೊದಲು ವಾರ್ಡ್‌ನಲ್ಲಿ ನರ್ಸ್ ಆಗಿದ್ದೆ. ಅದಕ್ಕೇ ಇರಬೇಕು, ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ಮೊದಲ ದಿನದ ಆ ಒಂದೇ ಸಾಲಿನ ಮೇಲೆ ನಿಂತುಬಿಟ್ಟಿತು. "ಸ್ಟೇಜ್ 2, ತಳದಲ್ಲಿ ಹಳದಿ ಸ್ಲಫ್." ಇದು ಆಗದ ಮಾತು. ಸ್ಟೇಜ್ 2 ಅಂದರೆ ಮೇಲ್ಚರ್ಮ ಹೋಗಿ ಒಳಚರ್ಮ ಕಾಣುತ್ತಿದೆ ಅಂತ. ತಳ ಗುಲಾಬಿ ಅಥವಾ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಇಲ್ಲದಿದ್ದರೆ ತಿಳಿ ನೀರು ತುಂಬಿದ ಗುಳ್ಳೆ ಇರುತ್ತದೆ. ಕೊಬ್ಬು ಕಾಣುವುದಿಲ್ಲ, ಸ್ಲಫ್ ಇರುವುದಿಲ್ಲ, ಕಪ್ಪು ಹಕ್ಕಳೆ ಇರುವುದಿಲ್ಲ. ಅಮೆರಿಕದಲ್ಲಿ ಈ ಸ್ಟೇಜ್‌ಗಳ ವ್ಯಾಖ್ಯೆ ಕೊಡುವ ಎನ್‌ಪಿಐಎಪಿ ಸಂಸ್ಥೆ (2019ರವರೆಗೆ ಎನ್‌ಪಿಯುಎಪಿ ಅನ್ನೋ ಹೆಸರಿತ್ತು) ಇದನ್ನು ಬಿಡಿಸಿಯೇ ಹೇಳಿದೆ. ಸ್ಲಫ್ ಅಂದರೆ ಸತ್ತ ಅಂಗಾಂಶದ ಹಳದಿ ಪದರ. ಅದು ಇದೆ ಅಂದರೆ ಗಾಯ ಆಗಲೇ ಚರ್ಮವನ್ನು ಪೂರ್ತಿ ದಾಟಿ ಕೆಳಗೆ ಇಳಿದಿದೆ ಅಂತ ಅರ್ಥ. ಅಂದರೆ ಕನಿಷ್ಠ ಸ್ಟೇಜ್ 3. ಸ್ಲಫ್ ತಳವನ್ನೇ ಮುಚ್ಚಿಬಿಟ್ಟಿದ್ದರೆ ಅನ್‌ಸ್ಟೇಜಬಲ್.

ಹಾಗಾದರೆ ಆ ದಿನ ನರ್ಸ್ ನಿಜವಾಗಿ ನೋಡಿದ್ದೇನು? ಎರಡು ಸಾಧ್ಯತೆ ಇದೆ. ಒಂದು, ಗಾಯ ಆಗಲೇ ಆಳವಾಗಿತ್ತು, ಸ್ಲಫ್ ಇತ್ತು, ಸ್ಟೇಜ್ ಮಾತ್ರ ತಪ್ಪಾಗಿ ಬರೆದರು. ಎರಡು, ಗಾಯ ನಿಜಕ್ಕೂ ಸ್ಟೇಜ್ 2, ಯಾವುದೋ ಹಳದಿ ಪೊರೆಯನ್ನೋ ಮುಲಾಮಿನ ಉಳಿಕೆಯನ್ನೋ ಸ್ಲಫ್ ಅಂದುಕೊಂಡರು, ಆಮೇಲೆ ಗಾಯ ಆಸ್ಪತ್ರೆಯಲ್ಲೇ ಕೆಟ್ಟಿತು. ಎರಡನ್ನೂ ನಾನು ವಾರ್ಡ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. ಕಂಪ್ಯೂಟರ್ ಮುಂದೆ ಕೂತ ನಮಗೆ ಗಾಯ ಕಾಣುವುದಿಲ್ಲ, ಗಾಯದ ಬಗ್ಗೆ ಬರೆದ ಸಾಲು ಮಾತ್ರ ಕಾಣುತ್ತದೆ. ಆ ಸಾಲು ತನ್ನೊಳಗೇ ಜಗಳ ಆಡುತ್ತಿದ್ದರೆ ನಾವು ಪಂಚಾಯಿತಿ ಮಾಡುವ ಹಾಗಿಲ್ಲ.

ಈಗ ಕೋಡ್‌ಗೆ ಬರೋಣ. ಅಮೆರಿಕದಲ್ಲಿ ಕಾಯಿಲೆಗಳಿಗೆ ಬಳಸುವ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ಪ್ರೆಶರ್ ಅಲ್ಸರ್ ಎಲ್ಲ ಎಲ್89ರ ಕೆಳಗೆ ಬರುತ್ತದೆ. ಒಂದೇ ಕೋಡ್‌ನಲ್ಲಿ ಜಾಗ, ಎಡ-ಬಲ, ಸ್ಟೇಜ್ ಎಲ್ಲ ಸೇರಿರುತ್ತದೆ. ಸೇಕ್ರಮ್‌ಗೆ ಎಲ್89.15, ಬಾಲಮೂಳೆಯೂ ಇದರಲ್ಲೇ ಸೇರುತ್ತದೆ. ಆರನೇ ಅಂಕಿ ಸ್ಟೇಜ್ ಹೇಳುತ್ತದೆ: 1ರಿಂದ 4 ಆಯಾ ಸ್ಟೇಜ್, 0 ಅಂದರೆ ಅನ್‌ಸ್ಟೇಜಬಲ್, 9 ಅಂದರೆ ಅನ್‌ಸ್ಪೆಸಿಫೈಡ್, 6 ಅಂದರೆ ಒತ್ತಡದಿಂದಾದ ಡೀಪ್ ಟಿಶ್ಯೂ ಡ್ಯಾಮೇಜ್. ಈ 6 ಸೇರಿದ್ದು 2019ರ ಅಕ್ಟೋಬರ್ 1ರಿಂದ.

0 ಮತ್ತು 9ನ್ನು ಅದಲುಬದಲು ಮಾಡುವವರು ತುಂಬಾ ಜನ. ಅನ್‌ಸ್ಟೇಜಬಲ್ ಅಂದರೆ ನೋಡಿದರು, ಆದರೆ ಸ್ಲಫ್ ಅಥವಾ ಹಕ್ಕಳೆ ಮುಚ್ಚಿಕೊಂಡು ಆಳ ಕಾಣಲಿಲ್ಲ. ಅನ್‌ಸ್ಪೆಸಿಫೈಡ್ ಅಂದರೆ ಸ್ಟೇಜ್ ಅನ್ನು ಯಾರೂ ಬರೆದೇ ಇಲ್ಲ. ಕಾಣದ್ದು ಬೇರೆ, ಬರೆಯದ್ದು ಬೇರೆ. ಇದರಲ್ಲೇ ಇನ್ನೊಂದು ಗುಂಡಿ ಇದೆ, ಹುಷಾರು. ಬೆನ್ನು, ಪೃಷ್ಠ, ಹಿಪ್ ಸೇರಿಸಿ ಹರಡಿದ ಒಂದೇ ಗಾಯಕ್ಕೆ ಎಲ್89.4, ಜಾಗವೇ ಗೊತ್ತಿಲ್ಲದಿದ್ದರೆ ಎಲ್89.9. ಇವೆರಡರಲ್ಲಿ ಕೋಡ್ ಐದೇ ಅಂಕಿಗೆ ಮುಗಿಯುತ್ತದೆ, ಅರ್ಥವೂ ಬದಲಾಗುತ್ತದೆ. ಎಲ್89.40 ಅಂದರೆ ಅನ್‌ಸ್ಪೆಸಿಫೈಡ್, ಎಲ್89.45 ಅಂದರೆ ಅನ್‌ಸ್ಟೇಜಬಲ್. ಅಂದರೆ ಎಲ್89.15ರ ಕೊನೆಯಲ್ಲಿ ಬರುವ 0ಗೂ ಎಲ್89.4ರ ಕೊನೆಯಲ್ಲಿ ಬರುವ 0ಗೂ ಸಂಬಂಧವೇ ಇಲ್ಲ. ಬಾಯಿಪಾಠ ನಂಬಿ ಕೋಡ್ ಹಾಕಬೇಡಿ, ಪ್ರತಿ ಸಲ ಟ್ಯಾಬುಲರ್ ಲಿಸ್ಟ್ (ಕೋಡ್‌ಗಳ ಪೂರ್ತಿ ಪಟ್ಟಿ) ತೆರೆದು ನೋಡಿ. ಇಂಟರ್ನೆಟ್‌ನಲ್ಲಿ ಹುಡುಕುವಾಗಲೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಐಸಿಡಿ-10ರಲ್ಲಿ ಎಲ್89.1 ಅಂದರೆ ಎರಡನೇ ಸ್ಟೇಜ್, ಅಮೆರಿಕದ ಸಿಎಂ ಆವೃತ್ತಿಯಲ್ಲಿ ಅದೇ ಎಲ್89.1 ಅಂದರೆ ಬೆನ್ನು.

ಇನ್ನು ಯಾರು ಬರೆದದ್ದನ್ನು ತೆಗೆದುಕೊಳ್ಳಬಹುದು ಅನ್ನುವ ವಿಷಯ. ಪ್ರೆಶರ್ ಅಲ್ಸರ್ ಇದೆ ಅನ್ನುವ ಡಯಾಗ್ನೋಸಿಸ್ ಅನ್ನು ಪ್ರೊವೈಡರ್ ಬರೆಯಬೇಕು. ಅಂದರೆ ಡಾಕ್ಟರ್, ಅಥವಾ ಕಾನೂನಿನ ಪ್ರಕಾರ ಡಯಾಗ್ನೋಸಿಸ್ ಮಾಡುವ ಹೊಣೆ ಇರುವ ನರ್ಸ್ ಪ್ರಾಕ್ಟಿಷನರ್ ಅಥವಾ ಫಿಸಿಷಿಯನ್ ಅಸಿಸ್ಟೆಂಟ್. ಸ್ಟೇಜ್ ಮಾತ್ರ ವಾರ್ಡ್ ನರ್ಸ್, ವೂಂಡ್ ಕೇರ್ ನರ್ಸ್ ಬರೆದದ್ದನ್ನೂ ತೆಗೆದುಕೊಳ್ಳಬಹುದು. ನಿಮ್ಮ ಚಾರ್ಟ್‌ನಲ್ಲಿ 3ನೇ ದಿನ ಡಾಕ್ಟರ್ "ಸೇಕ್ರಲ್ ಡೆಕ್ಯುಬಿಟಸ್" ಅಂದಿದ್ದಾರೆ. ಡೆಕ್ಯುಬಿಟಸ್ ಅಲ್ಸರ್, ಬೆಡ್‌ಸೋರ್, ಪ್ರೆಶರ್ ಇಂಜುರಿ, ಯಾವ ಹೆಸರಲ್ಲಿ ಬರೆದರೂ ಎಲ್89ಕ್ಕೇ ಬರುತ್ತದೆ. ಹಾಗಾಗಿ ಡಯಾಗ್ನೋಸಿಸ್ ಇದೆ, ಸ್ಟೇಜ್ ನರ್ಸ್‌ಗಳಿಂದ ಸಿಗುತ್ತದೆ. ಅಲ್ಲಿವರೆಗೂ ನೀವು ಮಾಡಿದ್ದು ಸರಿಯೇ. ಆದರೆ ಬರೆದವರಲ್ಲೇ ಹೊಂದಾಣಿಕೆ ಇಲ್ಲದಿದ್ದರೆ ಅಟೆಂಡಿಂಗ್ ಡಾಕ್ಟರನ್ನೇ (ರೋಗಿಯ ಮುಖ್ಯ ಹೊಣೆ ಹೊತ್ತವರು) ಕೇಳಬೇಕು ಅನ್ನುತ್ತದೆ ಐಸಿಡಿ-10-ಸಿಎಂನ ಅಧಿಕೃತ ಗೈಡ್‌ಲೈನ್.

ಈಗ ನಿಮ್ಮ ಇಬ್ಬರ ಜಗಳ. ಗೈಡ್‌ಲೈನ್‌ನಲ್ಲಿ ಎರಡು ನಿಯಮ ಅಕ್ಕಪಕ್ಕ ಇವೆ. ಅಡ್ಮಿಟ್ ಆದಾಗ ಒಂದು ಸ್ಟೇಜ್ ಇದ್ದು, ಆಸ್ಪತ್ರೆಯಲ್ಲಿರುವಾಗ ಗಾಯ ಕೆಟ್ಟು ಮೇಲಿನ ಸ್ಟೇಜ್‌ಗೆ ಹೋದರೆ ಎರಡು ಕೋಡ್ ಹಾಕಬೇಕು: ಬಂದಾಗ ಇದ್ದ ಸ್ಟೇಜ್‌ಗೆ ಒಂದು, ಆಮೇಲೆ ತಲುಪಿದ ಅತಿ ಹೆಚ್ಚಿನ ಸ್ಟೇಜ್‌ಗೆ ಇನ್ನೊಂದು. ನೀವು ಹಿಡಿದದ್ದು ಈ ನಿಯಮ. ಅದರ ಪ್ರಕಾರ ಎಲ್89.152ಕ್ಕೆ ಪಿಒಎ "ವೈ", ಎಲ್89.154ಕ್ಕೆ ಪಿಒಎ "ಎನ್". ಪಿಒಎ ಅಂದರೆ ಅಡ್ಮಿಟ್ ಆಗುವಾಗಲೇ ಇತ್ತಾ ಅನ್ನುವ ಗುರುತು: "ವೈ" ಅಂದರೆ ಇತ್ತು, "ಎನ್" ಅಂದರೆ ಇರಲಿಲ್ಲ. ಇನ್ನೊಂದು ನಿಯಮ ಅನ್‌ಸ್ಟೇಜಬಲ್ ಗಾಯದ್ದು. ಡಿಬ್ರೀಡ್‌ಮೆಂಟ್ ಮಾಡಿದ ಮೇಲೆ ನಿಜವಾದ ಸ್ಟೇಜ್ ಕಂಡರೆ, ಕಂಡ ಆ ಸ್ಟೇಜ್ ಒಂದನ್ನೇ ಹಾಕಬೇಕು. ಗಾಯ ಕೆಡಲಿಲ್ಲ, ಮುಚ್ಚಳ ತೆಗೆದರು ಅಷ್ಟೇ. ಬಂದಾಗಲೇ ಅನ್‌ಸ್ಟೇಜಬಲ್ ಇತ್ತು ಅಂತಾದರೆ ಎಲ್89.154 ಒಂದೇ, ಪಿಒಎ "ವೈ". ಲೀಡ್ ಹಿಡಿದದ್ದು ಇದು. ಎರಡೂ ನಿಜವಾದ ನಿಯಮಗಳೇ. ಯಾವುದು ಅನ್ವಯಿಸುತ್ತದೆ ಅನ್ನೋದು ಮೊದಲ ದಿನ ಆ ತಳದಲ್ಲಿ ಏನಿತ್ತು ಅನ್ನೋದರ ಮೇಲೆ ನಿಂತಿದೆ. ಎಲ್89.150 ಯಾಕೆ ತಪ್ಪು ಅಂತ ಈಗ ಗೊತ್ತಾಯಿತಲ್ವಾ? 6ನೇ ದಿನ ಸ್ಟೇಜ್ ಕಂಡುಬಿಟ್ಟಿದೆ. ಕಂಡ ಮೇಲೂ ಕಾಣಲಿಲ್ಲ ಅಂತ ಕೋಡ್ ಹಾಕಲು ಬರುವುದಿಲ್ಲ.

"ವೈ"ಗೂ "ಎನ್"ಗೂ ಇರುವ ದೂರ ಚಿಕ್ಕದಲ್ಲ. ಸ್ಟೇಜ್ 3 ಮತ್ತು 4 ಎಂಸಿಸಿ, ಅಂದರೆ ಬಿಲ್‌ನ ಡಿಆರ್‌ಜಿಯನ್ನೇ (ಎಷ್ಟು ಹಣ ಅಂತ ನಿರ್ಧರಿಸುವ ಗುಂಪು) ಮೇಲಕ್ಕೆ ಎತ್ತುವ ದೊಡ್ಡ ಕಾಂಪ್ಲಿಕೇಶನ್. 2008ರ ಅಕ್ಟೋಬರ್ 1ರಿಂದ ಅಮೆರಿಕ ಸರ್ಕಾರದ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್, ಆಸ್ಪತ್ರೆಯಲ್ಲೇ ಆದ ಸ್ಟೇಜ್ 3, 4 ಗಾಯಕ್ಕೆ ಆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿದೆ. "ಎನ್" ಬಂದರೂ ಇಲ್ಲ, ದಾಖಲೆ ಸಾಲದು ಅನ್ನುವ "ಯು" ಬಂದರೂ ಇಲ್ಲ. "ವೈ" ಬಂದರೆ ಉಂಟು, ಡಾಕ್ಟರ್‌ಗೇ ಹೇಳಲು ಸಾಧ್ಯವಾಗದ "ಡಬ್ಲ್ಯು" ಬಂದರೂ ಉಂಟು. ಹಣ ಮಾತ್ರ ಅಲ್ಲ, ಆಸ್ಪತ್ರೆಯ ಗುಣಮಟ್ಟದ ಲೆಕ್ಕದಲ್ಲೂ ಇದು ಸೇರುತ್ತದೆ. ಅದಕ್ಕೇ ಎರಡೂ ಕಡೆಯಿಂದ ಒತ್ತಡ ಬರುತ್ತದೆ. ಆ ಒತ್ತಡ ನಿಮ್ಮ ಕೋಡ್‌ನಲ್ಲಿ ಕಾಣಬಾರದು. ಗಾಯ ಆಸ್ಪತ್ರೆಯಲ್ಲೇ ಆಗಿದ್ದರೆ "ಎನ್" ಅಂತಲೇ ಬರಬೇಕು. ಹಾಗೆ ಬಂದರೇನೇ ಯಾವ ವಾರ್ಡ್‌ನಲ್ಲಿ ರೋಗಿಗಳನ್ನು ಸರಿಯಾಗಿ ಹೊರಳಿಸುತ್ತಿಲ್ಲ ಅಂತ ಯಾರಿಗಾದರೂ ತಿಳಿಯುವುದು. ಆಸ್ಪತ್ರೆಯದ್ದಲ್ಲದ ತಪ್ಪನ್ನು ವಾರ್ಡ್ ನರ್ಸ್‌ಗಳ ತಲೆಗೆ ಕಟ್ಟುವುದೂ ಅಷ್ಟೇ ಕೆಟ್ಟದ್ದು.

ಡಾಕ್ಟರ್ 3ನೇ ದಿನ ಬರೆದರು, ಹಾಗಾಗಿ "ಎನ್" ಅಂದುಕೊಳ್ಳುವವರೂ ಇದ್ದಾರೆ. ಹಾಗಿಲ್ಲ. ಬಂದಾಗಲೇ ಇತ್ತು ಅಂತ ಡಾಕ್ಟರ್ ಇಷ್ಟು ಗಂಟೆಯೊಳಗೆ ಬರೆಯಲೇಬೇಕು ಅನ್ನುವ ಗಡುವು ಗೈಡ್‌ಲೈನ್‌ನಲ್ಲಿ ಇಲ್ಲ. ಮೊದಲ ದಿನದ ನರ್ಸಿಂಗ್ ನೋಟ್ ಕೈಯಲ್ಲಿದೆ, ಡಾಕ್ಟರ್ ಒಪ್ಪಿ ಬರೆದರೆ ಸಾಕು. ಇನ್ನೊಂದು ಮಾತು. ಪಿಒಎ ಲೆಕ್ಕ ಇನ್‌ಪೇಷೆಂಟ್ ಆರ್ಡರ್ ಬಿದ್ದ ಹೊತ್ತಿನದು. ರೋಗಿ ಅದಕ್ಕೆ ಮುಂಚೆ ಎಮರ್ಜೆನ್ಸಿಯಲ್ಲೋ ಅಬ್ಸರ್ವೇಶನ್‌ನಲ್ಲೋ ಮಲಗಿದ್ದಾಗ ಆದದ್ದೂ "ವೈ"ಗೇ ಸೇರುತ್ತದೆ.

ಕ್ವೆರಿ, ಅಂದರೆ ಡಾಕ್ಟರ್‌ಗೆ ಕಳಿಸುವ ಲಿಖಿತ ಪ್ರಶ್ನೆ, ಹೇಗೆ ಬರೆಯಬೇಕು? ಹೆಚ್ಚಿನವರು ಎಡವುವುದು ಇಲ್ಲೇ. "ಡಾಕ್ಟರೇ, ಗಾಯ ಬಂದಾಗಲೇ ಅನ್‌ಸ್ಟೇಜಬಲ್ ಇತ್ತು ಅಂತ ಬರೆದುಕೊಡಿ" ಅನ್ನುವ ಹಾಗಿಲ್ಲ, ಅದು ಉತ್ತರ ಬಾಯಿಗಿಟ್ಟ ಹಾಗೆ. ಹಣದ ಮಾತು, ಗುಣಮಟ್ಟದ ಅಂಕಿಯ ಮಾತು ಕ್ವೆರಿಯಲ್ಲಿ ಬರಲೇಬಾರದು. ನಾನಾದರೆ ಹೀಗೆ ಬರೆಯುತ್ತೇನೆ:

"ಅಡ್ಮಿಷನ್ ನರ್ಸಿಂಗ್ ನೋಟ್: ಸೇಕ್ರಲ್ ಪ್ರೆಶರ್ ಅಲ್ಸರ್, ಸ್ಟೇಜ್ 2, 4 × 3 ಸೆಂ.ಮೀ., ತಳದಲ್ಲಿ ಹಳದಿ ಸ್ಲಫ್. 3ನೇ ದಿನ, ಪ್ರೋಗ್ರೆಸ್ ನೋಟ್: ಸೇಕ್ರಲ್ ಡೆಕ್ಯುಬಿಟಸ್. 4ನೇ ದಿನ, ವೂಂಡ್ ಕೇರ್: ಅನ್‌ಸ್ಟೇಜಬಲ್. 6ನೇ ದಿನ, ಡಿಬ್ರೀಡ್‌ಮೆಂಟ್ ನಂತರ: ಸ್ಟೇಜ್ 4. ನಿಮ್ಮ ಕ್ಲಿನಿಕಲ್ ತೀರ್ಮಾನದ ಪ್ರಕಾರ, ಇನ್‌ಪೇಷೆಂಟ್ ಅಡ್ಮಿಷನ್ ಸಮಯದಲ್ಲಿ ಈ ಗಾಯದ ಸ್ಥಿತಿ ಏನಿತ್ತು ಅಂತ ದಯವಿಟ್ಟು ದಾಖಲಿಸಿ: ಸ್ಟೇಜ್ 2 ಇದ್ದು ನಂತರ ಸ್ಟೇಜ್ 4ಕ್ಕೆ ಹೋಯಿತು, ಅನ್‌ಸ್ಟೇಜಬಲ್ ಇದ್ದು ಡಿಬ್ರೀಡ್‌ಮೆಂಟ್ ನಂತರ ಸ್ಟೇಜ್ 4 ಅಂತ ಕಂಡಿತು, ಅಡ್ಮಿಷನ್ ಸಮಯದಲ್ಲಿ ಗಾಯ ಇರಲಿಲ್ಲ, ಬೇರೆ (ವಿವರಿಸಿ), ಅಥವಾ ಹೇಳಲು ಸಾಧ್ಯವಿಲ್ಲ."

ಚಾರ್ಟ್‌ನಲ್ಲಿ ಇರುವುದನ್ನು ಇರುವ ಹಾಗೆ ಇಟ್ಟೆ, ದಾರಿಗಳನ್ನು ತೆರೆದಿಟ್ಟೆ. ಸ್ಟೇಜ್ 2ರಲ್ಲಿ ಸ್ಲಫ್ ಇರಲ್ಲ ಅಂತ ಡಾಕ್ಟರ್‌ಗೆ ಪಾಠ ಹೇಳಲು ಹೋಗಲಿಲ್ಲ. ಆ ಎರಡು ಪದ ಒಂದೇ ಸಾಲಲ್ಲಿ ಕಂಡರೆ ಅವರಿಗೇ ಹೊಳೆಯುತ್ತದೆ.

ಸರ್ಜನ್ ನೋಟನ್ನೂ ಇನ್ನೊಮ್ಮೆ ಓದಿ. "ಮೂಳೆಯವರೆಗೆ" ಅಂದರೆ ಮೂಳೆ ಕಾಣುವವರೆಗೆ ಹೋದರು ಅಂತಲೋ, ಮೂಳೆಯನ್ನೂ ಕತ್ತರಿಸಿ ತೆಗೆದರು ಅಂತಲೋ? ಪಿಸಿಎಸ್ (ಮಾಡಿದ ಶಸ್ತ್ರಚಿಕಿತ್ಸೆಯ) ಕೋಡ್‌ಗೆ ಬೇಕಾದದ್ದು ನಿಜವಾಗಿ ತೆಗೆದ ಅತಿ ಆಳದ ಪದರ. ಸ್ನಾಯುವರೆಗೆ ಮಾತ್ರ ತೆಗೆದು, ಕೆಳಗೆ ಮೂಳೆ ಕಂಡಿದ್ದರೆ ಮೂಳೆಯ ಎಕ್ಸಿಷನ್ (ಕತ್ತರಿಸಿ ತೆಗೆದದ್ದು) ಕೋಡ್ ಹಾಕುವ ಹಾಗಿಲ್ಲ. "ಶಾರ್ಪ್ ಡಿಬ್ರೀಡ್‌ಮೆಂಟ್" ಅಂತ ಬರೆದ ಮಾತ್ರಕ್ಕೆ ಅದು ಎಕ್ಸಿಷನಲ್ ಆಗಿಬಿಡುವುದಿಲ್ಲ, ಕತ್ತರಿಸಿ ತೆಗೆದದ್ದು ನೋಟ್‌ನಲ್ಲಿ ಸ್ಪಷ್ಟ ಇರಬೇಕು. ಸ್ಟೇಜ್ 4 ಅಂದ ಕೂಡಲೇ ಆಸ್ಟಿಯೋಮೈಲೈಟಿಸ್ (ಮೂಳೆಯ ಸೋಂಕು) ಅಂತ ನೀವೇ ಸೇರಿಸಲೂ ಬೇಡಿ. ಅದನ್ನೂ ಡಾಕ್ಟರೇ ಹೇಳಬೇಕು.

ಇನ್ನು ಹಿಮ್ಮಡಿ. ನರ್ಸ್ ಒಬ್ಬರೇ ಬರೆದಿದ್ದಾರೆ, ಡಾಕ್ಟರ್ ಎಲ್ಲೂ ಬರೆದಿಲ್ಲ. ಹಾಗಾಗಿ ಈಗ ಕೋಡ್ ಇಲ್ಲ. ಆದರೆ ಹಾಗೇ ಬಿಡಲೂಬೇಡಿ, ಇದಕ್ಕೂ ಬೇರೆ ಕ್ವೆರಿ ಹಾಕಿ. ಚರ್ಮ ಒಡೆಯದೆ ನೇರಳೆ ಅಥವಾ ಕಡುಗೆಂಪು ಬಣ್ಣಕ್ಕೆ ತಿರುಗಿ, ಒತ್ತಿದರೂ ಬಿಳಿಚಿಕೊಳ್ಳದೆ ಇದ್ದರೆ ಒಳಗಡೆ ಅಂಗಾಂಶ ಸತ್ತಿರಬಹುದು. ರಕ್ತ ತುಂಬಿದ ಗುಳ್ಳೆಯೂ ಇದೇ ಗುಂಪು. ಒತ್ತಡ ಬಿದ್ದು ಸಾಮಾನ್ಯವಾಗಿ 48ರಿಂದ 72 ಗಂಟೆ ಆದ ಮೇಲೆ ಈ ಬಣ್ಣ ಮೇಲೆ ಕಾಣುತ್ತದೆ. ನಿಮ್ಮ ರೋಗಿಯಲ್ಲಿ 2ನೇ ದಿನ ಕಂಡಿದೆ, ಅಂದರೆ ಬರುವ ಮುಂಚೆಯೇ ಶುರುವಾಗಿರಬಹುದು. ಅದನ್ನು ನೀವು ಲೆಕ್ಕ ಹಾಕಿ "ವೈ" ಹಾಕಬೇಡಿ, ಪಿಒಎ ಪ್ರಶ್ನೆಯನ್ನೂ ಅದೇ ಕ್ವೆರಿಯಲ್ಲಿ ಕೇಳಿ. ಒತ್ತಡದಿಂದಲೇ ಆದದ್ದು ಅಂತ ಡಾಕ್ಟರ್ ಒಪ್ಪಿದರೆ ಎಲ್89.616.

ರೋಗಿಗೆ ಡಯಾಬಿಟಿಸ್ ಇರುವುದರಿಂದ ಒಂದು ಎಚ್ಚರಿಕೆ. ಡಾಕ್ಟರ್ ಉತ್ತರದಲ್ಲಿ "ಹಿಮ್ಮಡಿ ಅಲ್ಸರ್" ಅಂತಷ್ಟೇ ಬರೆದರೆ ದಾರಿ ತಪ್ಪುತ್ತೀರಿ. ಐಸಿಡಿ-10-ಸಿಎಂನಲ್ಲಿ ಡಯಾಬಿಟಿಸ್ ಮತ್ತು ಪಾದದ ಅಲ್ಸರ್ ಒಟ್ಟಿಗೆ ಇದ್ದರೆ ಸಂಬಂಧ ಇದೆ ಅಂತಲೇ ಹಿಡಿಯುತ್ತಾರೆ. ಟೈಪ್ 2 ಆದರೆ ಇ11.621, ಜೊತೆಗೆ ಎಲ್97ರ ಒಂದು ಕೋಡ್. ಒತ್ತಡದಿಂದ ಆದದ್ದಾದರೆ ಎಲ್89. ಅದಕ್ಕೇ ಕ್ವೆರಿಯಲ್ಲಿ ಕಾರಣ ಯಾವುದು ಅಂತ ಕೇಳಿ. ಇದೇ ರೀತಿ ಮಲಮೂತ್ರದ ತೇವದಿಂದ ಕೆಂಪಾಗಿ ಸುಲಿದ ಚರ್ಮವನ್ನೂ ಎಷ್ಟೋ ಸಲ ಸ್ಟೇಜ್ 2 ಅಂತ ಬರೆದಿರುತ್ತಾರೆ. ಅದು ಪ್ರೆಶರ್ ಅಲ್ಸರ್ ಅಲ್ಲ, ಅದಕ್ಕೆ 2020ರ ಅಕ್ಟೋಬರ್‌ನಿಂದ ಎಲ್24.ಎ2 ಅಂತ ಬೇರೆಯೇ ಕೋಡ್ ಇದೆ.

ನೀವು ಕೇಳಲಿಲ್ಲ, ಆದರೂ ಹೇಳಬೇಕು ಅನ್ನಿಸುತ್ತಿದೆ, ಯಾಕೆಂದರೆ ಈ ತೊಂದರೆ ಹುಟ್ಟಿದ್ದು ನಿಮ್ಮ ಮೇಜಿನ ಮೇಲಲ್ಲ. ನಾನು ವಾರ್ಡ್‌ನಲ್ಲಿದ್ದಾಗ ಒಂದು ರಾತ್ರಿ ಒಬ್ಬ ಅಜ್ಜಿಯನ್ನು ಅಡ್ಮಿಟ್ ಮಾಡಿಕೊಂಡೆ. ಬೆನ್ನ ಮೇಲೆ ಬ್ಯಾಂಡೇಜ್ ಇತ್ತು. ಬೆಳಿಗ್ಗೆ ಬಿಚ್ಚಿ ನೋಡಿದರಾಯಿತು ಅಂತ "ಡ್ರೆಸ್ಸಿಂಗ್ ಒಣಗಿದೆ" ಅಂತಷ್ಟೇ ಬರೆದು ಬಿಟ್ಟೆ. ಎರಡು ದಿನ ಯಾರೂ ಬಿಚ್ಚಲಿಲ್ಲ. ಮೂರನೇ ದಿನ ಬಿಚ್ಚಿದಾಗ ಒಳಗೆ ಕೊಬ್ಬು ಕಾಣುವಷ್ಟು ಆಳದ ಗಾಯ. ಅದು ಮನೆಯಿಂದಲೇ ಬಂದದ್ದೋ ನಮ್ಮಲ್ಲಿ ಆದದ್ದೋ ಅಂತ ಯಾರಿಗೂ ಹೇಳಲಾಗಲಿಲ್ಲ. ಅಜ್ಜಿಯ ಮಗಳು ನನ್ನನ್ನು ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಚಾರ್ಟ್‌ನಲ್ಲಿ "ಡ್ರೆಸ್ಸಿಂಗ್ ಒಣಗಿದೆ" ಅಂತ ಕಂಡರೆ ಆ ಮಗಳ ಮುಖವೇ ನೆನಪಾಗುತ್ತದೆ.

ಹಾಗಾಗಿ ನಿಮಗೆ ವಾರ್ಡ್‌ನವರ ಜೊತೆ ಮಾತಾಡುವ ಅವಕಾಶ ಇದ್ದರೆ ಇಷ್ಟು ಕೇಳಿಕೊಳ್ಳಿ. ಬಂದ ದಿನವೇ ಡ್ರೆಸ್ಸಿಂಗ್ ಬಿಚ್ಚಿ, ಸಾಧ್ಯವಾದರೆ ಇಬ್ಬರು ನರ್ಸ್‌ಗಳು ಒಟ್ಟಿಗೆ, ತಲೆಯ ಹಿಂಭಾಗದಿಂದ ಹಿಮ್ಮಡಿವರೆಗೆ ನೋಡಬೇಕು, ಆಕ್ಸಿಜನ್ ಟ್ಯೂಬ್ ಕೂರುವ ಕಿವಿಯ ಹಿಂದೆಯೂ. ಯಾವ ಮೂಳೆಯ ಮೇಲೆ, ಯಾವ ಕಡೆ, ಉದ್ದ, ಅಗಲ, ಆಳ, ತಳ ಏನು ಬಣ್ಣ, ಅಂಚಿನ ಕೆಳಗೆ ಪೊಳ್ಳಿದೆಯಾ, ಸುತ್ತಲಿನ ಚರ್ಮ ಹೇಗಿದೆ, ಇದೆಲ್ಲ ಬರೆಯಬೇಕು. ಸ್ಟೇಜ್ ತಿಳಿಯದಿದ್ದರೆ ಊಹೆ ಮಾಡಿ ಅಂಕಿ ಹಾಕುವ ಬದಲು ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು. "ತಳದ ಮುಕ್ಕಾಲು ಭಾಗ ಹಳದಿ ಸ್ಲಫ್, ಆಳ ಕಾಣುತ್ತಿಲ್ಲ" ಅನ್ನುವ ಒಂದು ಸಾಲು, ತಪ್ಪು ಸ್ಟೇಜ್‌ಗಿಂತ ನೂರು ಪಾಲು ಮೇಲು. ಕಪ್ಪು ಅಥವಾ ಕಂದು ಚರ್ಮದ ರೋಗಿಗಳಲ್ಲಿ ಸ್ಟೇಜ್ 1ರ ಕೆಂಪು ಕಣ್ಣಿಗೆ ಕಾಣದೇ ಇರಬಹುದು. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕು: ಪಕ್ಕದ ಚರ್ಮಕ್ಕಿಂತ ಬಿಸಿಯಾ ತಣ್ಣಗಾ, ಗಟ್ಟಿಯಾ ಮೆತ್ತಗಾ, ನೋವಿದೆಯಾ. ವಾಸಿಯಾಗುತ್ತಿರುವ ಸ್ಟೇಜ್ 3 ಗಾಯವನ್ನು ಸ್ಟೇಜ್ 2 ಅಂತ ಇಳಿಸಿ ಬರೆಯಬಾರದು. ಅದು "ವಾಸಿಯಾಗುತ್ತಿರುವ ಸ್ಟೇಜ್ 3", ಕೋಡೂ ಸ್ಟೇಜ್ 3ರದ್ದೇ. ಬರುವಾಗಲೇ ಪೂರ್ತಿ ವಾಸಿಯಾಗಿದ್ದರೆ ಮಾತ್ರ ಕೋಡ್ ಬೇಡ.

ಕೊನೆಗೆ ನಿಮ್ಮ ಚಾರ್ಟ್. ಎರಡು ಕ್ವೆರಿ ಹಾಕಿ, ಒಂದು ಸೇಕ್ರಮ್‌ಗೆ, ಒಂದು ಹಿಮ್ಮಡಿಗೆ. ಸರ್ಜನ್ ಏನು ತೆಗೆದರು ಅನ್ನುವುದು ಅವರ ಆಪರೇಟಿವ್ ನೋಟ್ ಪೂರ್ತಿ ಓದಿದರೂ ಗೊತ್ತಾಗದಿದ್ದರೆ ಅವರಿಗೇ ಮೂರನೆಯದು. ಉತ್ತರ ಬರದಿದ್ದರೆ ಸುಮ್ನೆ "ಯು" ಹಾಕಿ ಕಳಿಸಬೇಡಿ, ನಿಮ್ಮ ಸಂಸ್ಥೆಯ ಎಸ್ಕಲೇಷನ್ (ಮೇಲಿನವರ ಹತ್ತಿರ ಒಯ್ಯುವ) ನಿಯಮದ ಪ್ರಕಾರ ಫಿಸಿಷಿಯನ್ ಅಡ್ವೈಸರ್‌ವರೆಗೂ ಹೋಗಿ. ಲೀಡ್ ಜೊತೆ ಮಾತಾಡುವಾಗ ಮೊದಲ ದಿನದ ಆ ನರ್ಸಿಂಗ್ ನೋಟ್ ತೆರೆದು ತೋರಿಸಿ. ಅವರು ಬಹುಶಃ 4ನೇ ದಿನದಿಂದ ಓದಲು ಶುರು ಮಾಡಿದ್ದಾರೆ, ನೀವು ಮೊದಲ ದಿನದ ಸ್ಟೇಜ್ ಓದಿ, ಅದರ ಪಕ್ಕದ ಸ್ಲಫ್ ಬಿಟ್ಟಿದ್ದೀರಿ.